ಬರೀ ಬ್ಯಾಟರಿ ಸಾಕೇ, ಜೊತೆಗೊಂದು ಜನರೇಟರ್ ಬೇಕೇ? ಎಲೆಕ್ಟ್ರಿಕ್ ಮತ್ತು ರೇಂಜ್ ಎಕ್ಸ್‌ಟೆಂಡರ್ ಕಾರುಗಳ ಹೋಲಿಕೆ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಕೊನೆಯ ಗಳಿಗೆಯಲ್ಲಿ ಹಿಂದೇಟು ಹಾಕುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ದಾರಿ ಮಧ್ಯೆ ಚಾರ್ಜ್ ಖಾಲಿಯಾದರೆ ಏನು ಗತಿ? ಈ ಅಳುಕಿಗೆ ಕಾರು ತಯಾರಕರ ಬಳಿ ಎರಡು ಮದ್ದುಗಳಿವೆ. ಒಂದು, ಬ್ಯಾಟರಿಯನ್ನೇ ದೊಡ್ಡದು ಮಾಡುವುದು. ಇನ್ನೊಂದು, ಬ್ಯಾಟರಿಯನ್ನು ಮಧ್ಯಮ ಗಾತ್ರದಲ್ಲೇ ಇಟ್ಟು, ಅದು ಬರಿದಾಗುವ ಹೊತ್ತಿಗೆ ಕರೆಂಟು ಹುಟ್ಟಿಸಲು ಪೆಟ್ರೋಲ್ ಎಂಜಿನ್ ಒಂದನ್ನು ಕೂರಿಸುವುದು. ಈ ಎರಡನೆಯ ಬಗೆಯೇ ರೇಂಜ್ ಎಕ್ಸ್‌ಟೆಂಡರ್. ಜಾಹೀರಾತುಗಳಲ್ಲಿ ಇಆರ್‌ಇವಿ, ಆರ್‌ಇಇವಿ ಅಂತೆಲ್ಲ ಕಾಣಿಸುವುದು ಇದೇ.

ಇವೆರಡರ ನಡುವೆ ಆರಿಸುವಾಗ ಎಲ್ಲರೂ ಕೊಡುವ ಸಲಹೆ ಒಂದಿದೆ: ಮನೆಯಲ್ಲಿ ಚಾರ್ಜ್ ಮಾಡಲು ಅನುಕೂಲ ಇದ್ದರೆ ಪೂರ್ತಿ ಎಲೆಕ್ಟ್ರಿಕ್ ತಗೊಳ್ಳಿ, ಇಲ್ಲದಿದ್ದರೆ ಎಂಜಿನ್ ಇರುವುದನ್ನು ತಗೊಳ್ಳಿ. ಕೇಳಲು ಸರಿಯೆನಿಸುತ್ತದೆ. ಆದರೆ ನನ್ನ ಪ್ರಕಾರ ಇದರ ಎರಡನೇ ಅರ್ಧ ತಲೆಕೆಳಗು. ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ ಇಲ್ಲದವರು ರೇಂಜ್ ಎಕ್ಸ್‌ಟೆಂಡರ್ ಕೊಂಡರೆ ಎರಡು ಯಂತ್ರಗಳಿಗೆ ದುಡ್ಡು ಕೊಟ್ಟು ಒಂದರ ಲಾಭವನ್ನೂ ಪೂರ್ತಿ ಪಡೆಯುವುದಿಲ್ಲ. ಯಾಕೆ ಅನ್ನುವುದು ಈ ಗಾಡಿಯ ಒಳಗಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಎಂಜಿನ್ ಇದೆ, ಚಕ್ರಕ್ಕೆ ಸಂಬಂಧವಿಲ್ಲ

ಹೈಬ್ರಿಡ್ ಅನ್ನುವ ಹೆಸರಿನಡಿ ಈಗ ನಾಲ್ಕಾರು ಬಗೆಯ ಗಾಡಿಗಳು ಬರುತ್ತಿರುವುದರಿಂದ ಗೊಂದಲ ಸಹಜ. ಮಾಮೂಲಿ ಹೈಬ್ರಿಡ್‌ಗೆ ಪ್ಲಗ್ ಇಲ್ಲ. ಅದರ ಶಕ್ತಿಯೆಲ್ಲ ಬರುವುದು ಪೆಟ್ರೋಲಿನಿಂದಲೇ. ಪ್ಲಗ್-ಇನ್ ಹೈಬ್ರಿಡ್‌ಗೆ ಪ್ಲಗ್ ಇದೆ, ಎಂಜಿನ್ನಿಗೂ ಚಕ್ರಕ್ಕೂ ನೇರ ನಂಟೂ ಇದೆ; ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಬ್ಯಾಟರಿ ತುಂಬಿದ್ದರೂ ಎಂಜಿನ್ ಶುರುವಾಗಿಬಿಡಬಹುದು. ರೇಂಜ್ ಎಕ್ಸ್‌ಟೆಂಡರ್‌ನಲ್ಲಿ ಚಕ್ರ ತಿರುಗಿಸುವುದು ಮೋಟರ್, ಎಂಜಿನ್ ಮಾಡುವುದು ಜನರೇಟರ್ ಕೆಲಸ. ನಿಸಾನ್‌ನವರ ಇ-ಪವರ್ ಕೂಡ ಇದೇ ಜೋಡಣೆಯದು, ಆದರೆ ಪ್ಲಗ್ ಇಲ್ಲ, ಬ್ಯಾಟರಿಯೂ ತೀರಾ ಚಿಕ್ಕದು. ಮಾರುವವರು ‘ಇದೂ ಎಲೆಕ್ಟ್ರಿಕ್ ಥರಾನೇ’ ಅಂದರೆ ಮೊದಲು ಪ್ಲಗ್ ಎಲ್ಲಿದೆ ತೋರಿಸಿ ಅನ್ನಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಉಪಾಯ ಹಳೆಯದು. 1900ರಲ್ಲೇ ಫರ್ಡಿನಾಂಡ್ ಪೋರ್ಷೆ ಅವರು ‘ಸೆಂಪರ್ ವಿವಸ್’ ಎಂಬ ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ನಿನಿಂದ ಕರೆಂಟು ತೆಗೆದು, ಚಕ್ರದೊಳಗೇ ಕೂರಿಸಿದ್ದ ಮೋಟರುಗಳನ್ನು ಓಡಿಸಿದ್ದರು. ನಮ್ಮ ಕಾಲಕ್ಕೆ ಇದನ್ನು ಮತ್ತೆ ರಸ್ತೆಗೆ ತಂದದ್ದು 2010ರ ಕೊನೆಗೆ ಬಂದ ಷೆವ್ರೊಲೆ ವೋಲ್ಟ್. ಅದರಲ್ಲಿ ಕೆಲವು ಸಂದರ್ಭಗಳಲ್ಲಿ ಎಂಜಿನ್ ಚಕ್ರಕ್ಕೂ ಕೈಜೋಡಿಸುತ್ತಿತ್ತು, ಹಾಗಾಗಿ ಅದು ಅಪ್ಪಟ ರೇಂಜ್ ಎಕ್ಸ್‌ಟೆಂಡರ್ ಹೌದೋ ಅಲ್ಲವೋ ಎಂದು ಬಲ್ಲವರು ಆಗ ಜಗಳವಾಡಿದ್ದೂ ಉಂಟು. 2013ರಲ್ಲಿ ಬಿಎಂಡಬ್ಲ್ಯು ಐ3, 2019ರಲ್ಲಿ ಚೀನಾದ ಲೀ ಆಟೊದವರ ಲೀ ಒನ್, 2023ರಲ್ಲಿ ರೋಟರಿ ಎಂಜಿನ್ ಹೊತ್ತ ಮಾಜ್ದಾ ಎಂಎಕ್ಸ್-30 ಬಂದವು. ಇವುಗಳ ಬ್ಯಾಟರಿ ನೋಡಿ: ಮಾಜ್ದಾದ್ದು 17.8 ಯೂನಿಟ್, ಲೀ ಒನ್‌ನದು 40.5 ಯೂನಿಟ್. (ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್, ಕರೆಂಟ್ ಬಿಲ್ಲಿನಲ್ಲಿ ಇರುವುದೇ.) ಒಂದೇ ಹೆಸರಿನ ಎರಡು ಗಾಡಿಗಳ ನಡುವೆ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ. ಒಂದು ದಿನಕ್ಕೆ 85 ಕಿ.ಮೀ. ಒಳಗೆ ಓಡುವವರಿಗಾಗಿ ಮಾಡಿದ್ದು, ಇನ್ನೊಂದು ಸಾಕಷ್ಟು ದೂರ ಎಂಜಿನ್ ಎಬ್ಬಿಸದೇ ಹೋಗಬಲ್ಲದ್ದು.

ಒಂದು ಲೀಟರ್ ಪೆಟ್ರೋಲಿನ ಲೆಕ್ಕ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರದಷ್ಟು ಬಿಸಿಯಾಗಿ ಹೊರಹೋಗುತ್ತದೆ. ಜನರೇಟರ್ ದಾಟಿ ಕರೆಂಟಾಗಿ ಕೈಗೆ ಸಿಗುವುದು ಮೂರು ಯೂನಿಟ್ ಚಿಲ್ಲರೆ. ಸಾಧಾರಣ ಎಲೆಕ್ಟ್ರಿಕ್ ಕಾರು 100 ಕಿ.ಮೀ.ಗೆ 16ರಿಂದ 18 ಯೂನಿಟ್ ತಿನ್ನುತ್ತದೆ ಅಂದುಕೊಂಡರೆ, ಆ ಒಂದು ಲೀಟರಿಗೆ ಗಾಡಿ ಓಡುವುದು 18 ಕಿ.ಮೀ. ಆಸುಪಾಸು.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 2016ರ ವೋಲ್ಟ್ ಬ್ಯಾಟರಿ ಮುಗಿಸಿ ಪೆಟ್ರೋಲಿಗೆ ಹೊರಳಿದ ಮೇಲೆ ಅಮೆರಿಕದ ಸರಕಾರಿ ಪರೀಕ್ಷೆಯಲ್ಲಿ ಕೊಟ್ಟದ್ದು ಲೀಟರಿಗೆ ಸುಮಾರು 18 ಕಿ.ಮೀ. ಅದೇ ವರ್ಷದ, ಪ್ಲಗ್ಗೇ ಇಲ್ಲದ ಟೊಯೊಟಾ ಪ್ರಿಯಸ್ ಅದೇ ಪರೀಕ್ಷೆಯಲ್ಲಿ 22 ಕೊಟ್ಟಿತು. ಕಾರಣ ಸರಳ. ಮಾಮೂಲಿ ಹೈಬ್ರಿಡ್‌ನಲ್ಲಿ ಎಂಜಿನ್ನಿನ ಬಲ ಬಹುಪಾಲು ನೇರ ಚಕ್ರಕ್ಕೆ ಹೋಗುತ್ತದೆ. ರೇಂಜ್ ಎಕ್ಸ್‌ಟೆಂಡರ್‌ನಲ್ಲಿ ಅದು ಮೊದಲು ಕರೆಂಟಾಗಿ, ಎಷ್ಟೋ ಸಲ ಬ್ಯಾಟರಿಯೊಳಗೂ ಹೋಗಿ ಬಂದು, ಮತ್ತೆ ಮೋಟರಿನಲ್ಲಿ ಚಲನೆಯಾಗಬೇಕು. ಒಂದೊಂದು ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಸೋರಿಕೆ. ಜೊತೆಗೆ ದೊಡ್ಡ ಬ್ಯಾಟರಿಯ ತೂಕವನ್ನೂ ಹೊರಬೇಕು.

ಹಾಗಾಗಿ ಪ್ಲಗ್ ಹಾಕದೆ ಬರೀ ಪೆಟ್ರೋಲ್ ತುಂಬಿಸಿ ಓಡಿಸುವವರ ಪಾಲಿಗೆ ಇದು ಮಾಮೂಲಿ ಹೈಬ್ರಿಡ್‌ಗಿಂತ ಹೆಚ್ಚು ಕುಡಿಯುವ, ಹೆಚ್ಚು ಬೆಲೆಯ ಗಾಡಿ. ‘ಒಟ್ಟು ರೇಂಜ್ ಸಾವಿರ ಕಿಲೋಮೀಟರ್’ ಅನ್ನುವ ಜಾಹೀರಾತಿಗೂ ಮರುಳಾಗಬೇಡಿ. ಅದರಲ್ಲಿ ಹೆಚ್ಚಿನದು ಟ್ಯಾಂಕಿನ ಗಾತ್ರದಿಂದ ಬಂದದ್ದು. ಮಾಜ್ದಾಕ್ಕೆ 50 ಲೀಟರಿನ ಟ್ಯಾಂಕ್ ಇದೆ. ಹೋಲಿಸಬೇಕಾದದ್ದು ಬರೀ ಬ್ಯಾಟರಿಯ ಮೇಲೆ ಎಷ್ಟು ದೂರ ಅನ್ನುವುದನ್ನು. ಅದರಲ್ಲೂ ಚೀನಾದ ಸಿಎಲ್‌ಟಿಸಿ ಪರೀಕ್ಷೆ ಬಲು ಉದಾರಿ, ಯುರೋಪಿನ ಡಬ್ಲ್ಯುಎಲ್‌ಟಿಪಿ ಅದಕ್ಕಿಂತ ಬಿಗಿ, ಅಮೆರಿಕದ ಇಪಿಎ ಇನ್ನೂ ಬಿಗಿ. ಯಾವ ಪರೀಕ್ಷೆಯ ಅಂಕಿ ಅಂತ ನೋಡದೆ ಎರಡು ಗಾಡಿ ಹೋಲಿಸುವುದು ವ್ಯರ್ಥ.

ಪ್ಲಗ್ ಹಾಕುವವರ ಕಥೆ ಬೇರೆಯೇ

ಈಗ ಇನ್ನೊಂದು ಮುಖ. ಮನೆಯಲ್ಲಿ ಪ್ಲಗ್ ಇದ್ದು ದಿನಾ ಚಾರ್ಜ್ ಮಾಡುವವರ ಕೈಯಲ್ಲಿ ಈ ಗಾಡಿ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿ ನಡೆದುಕೊಳ್ಳುತ್ತದೆ. ಅಮೆರಿಕದ ಐಡಾಹೋ ರಾಷ್ಟ್ರೀಯ ಪ್ರಯೋಗಾಲಯ ಕಳೆದ ದಶಕದ ಆರಂಭದಲ್ಲಿ ಸಾವಿರಾರು ಗಾಡಿಗಳ ಓಡಾಟ ದಾಖಲಿಸಿತ್ತು. ಪೂರ್ತಿ ಎಲೆಕ್ಟ್ರಿಕ್ ಆದ ನಿಸಾನ್ ಲೀಫ್ ವರ್ಷಕ್ಕೆ ಸರಾಸರಿ 15,600 ಕಿ.ಮೀ. ಓಡಿತ್ತು. ವೋಲ್ಟ್ ಬರೀ ಬ್ಯಾಟರಿಯ ಮೇಲೆ ಓಡಿದ್ದು ಸುಮಾರು 14,700 ಕಿ.ಮೀ. ಲೀಫ್‌ನ ರೇಂಜ್ ವೋಲ್ಟ್‌ನ ಬ್ಯಾಟರಿ ರೇಂಜಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು ಅನ್ನುವುದನ್ನು ಮರೆಯಬೇಡಿ. ಅರ್ಧ ಬ್ಯಾಟರಿಯಲ್ಲಿ ಬಹುತೇಕ ಅಷ್ಟೇ ವಿದ್ಯುತ್ ಓಟ!

ಯಾಕೆ ಹೀಗೆ? ಆ ಕಾಲದ ಲೀಫ್ ಮಾಲೀಕರು ನೂರು ಕಿಲೋಮೀಟರಿನಾಚೆಗೆ ಮನೆಯ ಇನ್ನೊಂದು ಪೆಟ್ರೋಲ್ ಕಾರನ್ನೇ ತೆಗೆಯುತ್ತಿದ್ದರು. ವೋಲ್ಟ್‌ನವರು ಅದೇ ಗಾಡಿಯಲ್ಲಿ ಹೊರಟು, ಮೊದಲ ಅರವತ್ತು ಕಿಲೋಮೀಟರ್ ಬ್ಯಾಟರಿಯಲ್ಲಿ, ಉಳಿದದ್ದು ಪೆಟ್ರೋಲಿನಲ್ಲಿ ಮುಗಿಸುತ್ತಿದ್ದರು. ಅಂದಿನ ಲೀಫ್‌ನ ರೇಂಜಿಗೂ ಇಂದಿನ ಕಾರುಗಳ ರೇಂಜಿಗೂ ಹೋಲಿಕೆಯಿಲ್ಲ, ಹಾಗಾಗಿ ಈ ಅಂಕಿಯನ್ನು ಇಂದಿಗೆ ಹಾಗೇ ಅನ್ವಯಿಸಲಾಗದು. ಆದರೆ ದಿನದ ಓಡಾಟಕ್ಕೆ ಬೇಕಾದ ಬ್ಯಾಟರಿ ನಾವು ಅಂದುಕೊಂಡಿರುವುದಕ್ಕಿಂತ ಎಷ್ಟೋ ಚಿಕ್ಕದು ಅನ್ನುವುದು ಈಗಲೂ ನಿಜ.

ಇದರ ಪಕ್ಕಕ್ಕೆ ಯುರೋಪಿಯನ್ ಕಮಿಷನ್ 2024ರಲ್ಲಿ ಹೊರತಂದ ವರದಿಯನ್ನಿಟ್ಟು ನೋಡಿ. 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಹೈಬ್ರಿಡ್‌ಗಳ ಒಳಗಿನ ಮೀಟರುಗಳಿಂದಲೇ ಪಡೆದ ಮಾಹಿತಿಯ ಪ್ರಕಾರ, ಅವು ಉಗುಳುತ್ತಿದ್ದ ಇಂಗಾಲದ ಡೈಆಕ್ಸೈಡ್ ಕಾಗದದ ಮೇಲಿದ್ದದ್ದಕ್ಕಿಂತ ಸರಾಸರಿ 3.5 ಪಟ್ಟು ಹೆಚ್ಚು. ಮುಖ್ಯ ಕಾರಣ, ಜನ ಅಂದುಕೊಂಡಷ್ಟು ಚಾರ್ಜ್ ಮಾಡುತ್ತಿರಲಿಲ್ಲ. ಇವು ರೇಂಜ್ ಎಕ್ಸ್‌ಟೆಂಡರ್‌ಗಳಲ್ಲ, ಇವುಗಳ ಬ್ಯಾಟರಿಯೂ ಚಿಕ್ಕದು. ಆದರೂ ಪಾಠ ಒಂದೇ. ಪ್ಲಗ್ ಹಾಕುವುದು ಕಷ್ಟವಾದಲ್ಲಿ ಮನುಷ್ಯ ಪೆಟ್ರೋಲ್ ಬಂಕಿಗೇ ಹೋಗುತ್ತಾನೆ.

ಪ್ಲಗ್ ಅಂದರೆ ದೊಡ್ಡ ಏರ್ಪಾಡೇ ಆಗಬೇಕಿಲ್ಲ. ದಿನಕ್ಕೆ 40 ಕಿ.ಮೀ. ಓಡುವವರಿಗೆ ಬೇಕಾದದ್ದು ನಷ್ಟವೂ ಸೇರಿ ಏಳೆಂಟು ಯೂನಿಟ್. ಗೀಸರಿಗೆ ಬಳಸುವಂಥ ದಪ್ಪ ಪ್ಲಗ್ಗಿನಿಂದ ಎರಡೂವರೆ ಕಿಲೋವ್ಯಾಟ್ ಸಿಕ್ಕರೂ ಮೂರು ಗಂಟೆಯ ಕೆಲಸ. ಅಂಥ ಒಂದು ಪ್ಲಗ್, ಅದಕ್ಕೆ ತಕ್ಕ ವೈರಿಂಗ್, ಸರಿಯಾದ ಅರ್ತಿಂಗ್ ಇದ್ದರೆ ಎರಡು ಬಗೆಯ ಗಾಡಿಗೂ ಸಾಕು.

ಏರುದಾರಿಯಲ್ಲಿ

ಎಂಜಿನ್ ಇದೆಯಲ್ಲ, ಇನ್ನೇನು ಭಯ ಅಂದುಕೊಳ್ಳುವವರು ಘಾಟಿ ರಸ್ತೆಯ ಲೆಕ್ಕ ಒಮ್ಮೆ ಹಾಕಬೇಕು. ಎರಡು ಟನ್ ತೂಕದ ಎಸ್‌ಯುವಿ, ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ, ವೇಗ ಗಂಟೆಗೆ 80 ಕಿ.ಮೀ. ಬರೀ ಆ ತೂಕವನ್ನು ಮೇಲಕ್ಕೆತ್ತಲೇ 26 ಕಿಲೋವ್ಯಾಟ್ ಬೇಕು. ಗಾಳಿಯನ್ನು ಸೀಳಲು, ಟೈರು ಉರುಳಲು, ಏಸಿಗೆ ಅಂತ ಸೇರಿಸಿದರೆ 40ರ ಹತ್ತಿರ. ಜನರೇಟರ್ ಕೊಡುವುದು 28 ಮಾತ್ರ ಅಂದುಕೊಳ್ಳಿ. ಉಳಿದ 12 ಕಿಲೋವ್ಯಾಟ್ ಬ್ಯಾಟರಿಯಿಂದಲೇ ಬರಬೇಕು. ಏರು 20 ಕಿ.ಮೀ. ಇದ್ದರೆ ಕಾಲು ಗಂಟೆಯಲ್ಲಿ ಮೂರು ಯೂನಿಟ್ ಖರ್ಚು. ಬ್ಯಾಟರಿಯಲ್ಲಿ ಆ ಮೂರು ಯೂನಿಟ್ ಮೀಸಲಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ತೆವಳುತ್ತದೆ, ಹಿಂದಿನ ಲಾರಿ ಹಾರ್ನ್ ಹೊಡೆಯುತ್ತದೆ.

ಐ3ಯಲ್ಲಿ ಆದದ್ದು ಇದೇ. ಅದರ ಮೋಟರ್ 125 ಕಿಲೋವ್ಯಾಟಿನದು. ಜನರೇಟರಿಗೆ ಕೂರಿಸಿದ್ದು ಬಿಎಂಡಬ್ಲ್ಯು ಸ್ಕೂಟರಿನಿಂದ ತಂದ 647 ಸಿಸಿಯ ಪುಟ್ಟ ಎಂಜಿನ್. ಕ್ಯಾಲಿಫೋರ್ನಿಯಾದ ಆಗಿನ ನಿಯಮಗಳ ಪ್ರಕಾರ ಇಂಥ ಗಾಡಿಗೆ ಎಲೆಕ್ಟ್ರಿಕ್ ಕಾರಿನ ಸವಲತ್ತು ಸಿಗಬೇಕಾದರೆ ಬ್ಯಾಟರಿ ಬಹುತೇಕ ಬರಿದಾಗುವವರೆಗೆ ಎಂಜಿನ್ ಶುರುವಾಗಬಾರದು, ಪೆಟ್ರೋಲಿನ ರೇಂಜ್ ಬ್ಯಾಟರಿಯ ರೇಂಜನ್ನು ಮೀರಬಾರದು. ಹಾಗಾಗಿ ಅಮೆರಿಕದ ಆವೃತ್ತಿಯಲ್ಲಿ ಬ್ಯಾಟರಿ ಶೇ. 6ರ ಸುಮಾರಿಗೆ ಇಳಿದ ಮೇಲಷ್ಟೇ ಎಂಜಿನ್ ಏಳುತ್ತಿತ್ತು. ಉದ್ದನೆಯ ಏರಿನಲ್ಲಿ ಬಲ ಸಾಲದೆ ವೇಗ ಕುಸಿಯುತ್ತದೆ ಎಂಬ ದೂರು ಬಂತು. ಯುರೋಪಿನಲ್ಲಿ ಅದೇ ಗಾಡಿಯ ಚಾಲಕ ಬ್ಯಾಟರಿ ಶೇ. 75ಕ್ಕೆ ಇಳಿದ ಕೂಡಲೇ ಬೇಕಾದರೆ ಎಂಜಿನ್ ಹೊತ್ತಿಸಿ ಮೀಸಲು ಉಳಿಸಿಕೊಳ್ಳಬಹುದಿತ್ತು. ಯಂತ್ರ ಒಂದೇ, ಕೆಟ್ಟ ಹೆಸರು ತಂದದ್ದು ಸಾಫ್ಟ್‌ವೇರ್. ವೋಲ್ಟ್‌ನಲ್ಲಿ ಇದಕ್ಕೆಂದೇ ‘ಮೌಂಟನ್ ಮೋಡ್’ ಇತ್ತು. ಗುಡ್ಡಗಾಡಿನಲ್ಲಿ ಓಡಾಡುವವರು ಜನರೇಟರ್ ಎಷ್ಟು ಕಿಲೋವ್ಯಾಟಿನದು, ಮೀಸಲು ಉಳಿಸುವ ಬಟನ್ ಇದೆಯೇ ಅನ್ನುವುದನ್ನು ಬಣ್ಣ ಆರಿಸುವುದಕ್ಕಿಂತ ಮೊದಲು ಕೇಳಬೇಕು.

ಪೂರ್ತಿ ಎಲೆಕ್ಟ್ರಿಕ್ ಗಾಡಿಗೆ ಏರಿನಲ್ಲಿ ಈ ತೊಂದರೆ ಇಲ್ಲ. ಬ್ಯಾಟರಿ ಇರುವಷ್ಟು ಹೊತ್ತು ಪೂರ್ತಿ ಬಲ ಸಿಗುತ್ತದೆ, ಇಳಿಯುವಾಗ ಒಂದಷ್ಟು ವಾಪಸೂ ಬರುತ್ತದೆ.

ದೂರದ ಪ್ರಯಾಣ

60 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ಹೆದ್ದಾರಿಯ ವೇಗದಲ್ಲಿ 100 ಕಿ.ಮೀ.ಗೆ 20 ಯೂನಿಟ್ ತಿಂದರೆ ಮೊದಲ ಓಟ 270 ಕಿ.ಮೀ. ಆಸುಪಾಸು. ಆಮೇಲೆ ಫಾಸ್ಟ್ ಚಾರ್ಜರಿನಲ್ಲಿ ಶೇ. 10ರಿಂದ 80ರವರೆಗೆ ತುಂಬಿಸುತ್ತಾ ಹೋದರೆ ಒಂದೊಂದು ಓಟ 210 ಕಿ.ಮೀ. ಎಂಬತ್ತು ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೇ ಎದ್ದು ಹೊರಡುವುದು ಜಾಣತನ. ಹೆಚ್ಚಿನ ಗಾಡಿಗಳಿಗೆ ಇದು ಅರ್ಧ ಗಂಟೆಯ ಕೆಲಸ. ಹ್ಯುಂಡೈ ಅಯೋನಿಕ್ 5ರಂಥ 800 ವೋಲ್ಟ್ ವಿದ್ಯುತ್ ವ್ಯವಸ್ಥೆಯ ಗಾಡಿಗಳು ತಕ್ಕ ಚಾರ್ಜರ್ ಸಿಕ್ಕರೆ 18 ನಿಮಿಷದಲ್ಲಿ ಮುಗಿಸುತ್ತವೆ. ಊಟಕ್ಕೋ ಕಾಫಿಗೋ ನಿಲ್ಲುವವರಿಗೆ ಇದು ಹೊರೆಯೇ ಅಲ್ಲ.

ಹೊರೆಯಾಗುವುದು ಚಾರ್ಜರ್ ಕೆಟ್ಟಿದ್ದಾಗ, ಇಲ್ಲವೇ ಮುಂದೆ ನಾಲ್ಕು ಗಾಡಿ ಕ್ಯೂ ನಿಂತಿದ್ದಾಗ. ಹಾಗಾಗಿ ನೀವು ಮಾಮೂಲಾಗಿ ಹೋಗುವ ದೂರದ ದಾರಿಗಳನ್ನು ಮ್ಯಾಪಿನಲ್ಲಿ ಇಟ್ಟು, 150 ಕಿ.ಮೀ.ಗೊಮ್ಮೆಯಾದರೂ ಒಂದಕ್ಕಿಂತ ಹೆಚ್ಚು ಕಂಬ ಇರುವ ಚಾರ್ಜಿಂಗ್ ಜಾಗ ಸಿಗುತ್ತದೆಯೇ ನೋಡಿ. ಸಿಕ್ಕರೆ ಎಂಜಿನ್ ಹೊತ್ತು ತಿರುಗುವ ಅಗತ್ಯ ನಿಮಗಿಲ್ಲ. ಸಿಗದಿದ್ದರೆ, ಮತ್ತು ಆ ದಾರಿಯಲ್ಲಿ ನೀವು ತಿಂಗಳಿಗೆ ನಾಲ್ಕಾರು ಸಲವಾದರೂ ಹೋಗುವವರಾದರೆ, ರೇಂಜ್ ಎಕ್ಸ್‌ಟೆಂಡರ್ ತನ್ನ ಬೆಲೆಯನ್ನು ಅಲ್ಲಿ ದುಡಿದು ತೋರಿಸುತ್ತದೆ. ಟ್ರೇಲರ್ ಎಳೆಯುವವರಿಗೂ ಅಷ್ಟೇ. ಭಾರ ಎಳೆಯುವಾಗ ಎಲೆಕ್ಟ್ರಿಕ್ ಗಾಡಿಯ ರೇಂಜ್ ಅರ್ಧಕ್ಕೆ ಇಳಿಯುವುದು ಸಾಮಾನ್ಯ.

ವರ್ಷಕ್ಕೊಮ್ಮೆ ಹೋಗುವ ಪ್ರವಾಸಕ್ಕಾಗಿ ವರ್ಷವಿಡೀ ಎಂಜಿನ್ ಹೊರುವುದು, ಅಥವಾ ಅದೇ ಪ್ರವಾಸಕ್ಕೆಂದು 100 ಯೂನಿಟ್‌ನ ಬ್ಯಾಟರಿ ಕೊಳ್ಳುವುದು, ಎರಡೂ ಮೂಗಿಗಿಂತ ಮೂಗುತಿ ಭಾರ. ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿ ಸಾಕು.

ಇಟ್ಟುಕೊಂಡು ಸಾಕುವುದು

ಪೂರ್ತಿ ಎಲೆಕ್ಟ್ರಿಕ್ ಗಾಡಿಯ ಸರ್ವಿಸ್ ಪಟ್ಟಿ ಚಿಕ್ಕದು: ಟೈರು, ಬ್ರೇಕ್ ಆಯಿಲ್, ಕೂಲೆಂಟ್, ಏಸಿ ಫಿಲ್ಟರ್. ರೇಂಜ್ ಎಕ್ಸ್‌ಟೆಂಡರ್‌ಗೆ ಇವೆಲ್ಲದರ ಮೇಲೆ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್, ಹೊಗೆ ತಪಾಸಣೆ. ಎಂಜಿನ್ ಓಡದಿದ್ದರೂ ಆಯಿಲ್ಲಿಗೆ ವಯಸ್ಸಾಗುತ್ತದೆ. ಪೆಟ್ರೋಲಿಗೂ ಆಗುತ್ತದೆ. ವೋಲ್ಟ್ ಇದಕ್ಕೊಂದು ದಾರಿ ಹುಡುಕಿತ್ತು: ಎಂಜಿನ್ ಬಹಳ ವಾರ ಸುಮ್ಮನಿದ್ದರೆ ತಾನೇ ಸ್ವಲ್ಪ ಹೊತ್ತು ಓಡಿಸಿ ಚುರುಕಾಗಿಡುತ್ತಿತ್ತು, ಟ್ಯಾಂಕಿನ ಪೆಟ್ರೋಲ್ ಸರಾಸರಿ ಒಂದು ವರ್ಷ ಹಳತಾದರೆ ಅದನ್ನು ಸುಟ್ಟು ಮುಗಿಸುತ್ತಿತ್ತು. ನಿಮ್ಮ ಗಾಡಿಯಲ್ಲಿ ಇಂಥ ವ್ಯವಸ್ಥೆ ಇದೆಯೇ ಕೇಳಿ. ಇರಲಿ ಬಿಡಲಿ, ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ.

ಬ್ಯಾಟರಿಯ ಬಾಳಿಕೆಯಲ್ಲೂ ವ್ಯತ್ಯಾಸ ಇದೆ. ದಿನಕ್ಕೆ ಹತ್ತು ಯೂನಿಟ್ ಖರ್ಚು ಮಾಡುವವರ ಕೈಯಲ್ಲಿ 60 ಯೂನಿಟ್‌ನ ಬ್ಯಾಟರಿ ವರ್ಷಕ್ಕೆ ಅರವತ್ತು ಸುತ್ತು ಪೂರ್ತಿ ಬಳಕೆಯಾದರೆ, 18 ಯೂನಿಟ್‌ನದು ಇನ್ನೂರು ಸುತ್ತು. ಒಳ್ಳೆಯ ತಯಾರಕರು ಇದನ್ನರಿತು, ಬ್ಯಾಟರಿ ಪೂರ್ತಿ ತುಂಬದಂತೆ, ಪೂರ್ತಿ ಬರಿದಾಗದಂತೆ ಮೇಲೆ ಕೆಳಗೆ ಜಾಗ ಬಿಟ್ಟಿರುತ್ತಾರೆ. ಮೊದಲ ವೋಲ್ಟ್ ತನ್ನ 16 ಯೂನಿಟ್‌ನಲ್ಲಿ ಬಳಸಲು ಬಿಡುತ್ತಿದ್ದದ್ದು ಹತ್ತು ಚಿಲ್ಲರೆ ಮಾತ್ರ. ಹಾಗಾಗಿ ಬ್ರೋಷರಿನ ಒಟ್ಟು ಅಂಕಿಗಿಂತ ಬಳಕೆಗೆ ಸಿಗುವ ಅಂಕಿ ಮುಖ್ಯ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ದಿನಾ ನೂರಕ್ಕೆ ತುಂಬಿಸಬಹುದು ಅನ್ನುವುದು ಚಿಕ್ಕ ಬ್ಯಾಟರಿಯವರಿಗೆ ದೊಡ್ಡ ಅನುಕೂಲ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬಗೆಯದನ್ನು ದಿನಬಳಕೆಗೆ ಎಂಬತ್ತಕ್ಕೆ ನಿಲ್ಲಿಸುವುದೇ ಒಳ್ಳೆಯದು.

ಚಳಿ ಪ್ರದೇಶದವರಿಗೆ ಒಂದು ಮಾತು. ಕೊರೆಯುವ ಚಳಿಯಲ್ಲಿ ವೋಲ್ಟ್ ಬ್ಯಾಟರಿ ತುಂಬಿದ್ದರೂ ಒಳಗಿನ ಹೀಟರಿಗಾಗಿ ಎಂಜಿನ್ ಎಬ್ಬಿಸುತ್ತಿತ್ತು. ಐ3ಯಲ್ಲಂತೂ ಕರೆಂಟು ಉಳಿಸುವ ಹೀಟ್ ಪಂಪ್ ಸಿಗುತ್ತಿದ್ದದ್ದು ಎಂಜಿನ್ ಇಲ್ಲದ ಮಾದರಿಗೆ ಮಾತ್ರ.

ಹಾಗಾದರೆ ಯಾವುದು?

ಮನೆಯಲ್ಲಿ ಪ್ಲಗ್ ಇದೆ, ದೂರದ ದಾರಿಯಲ್ಲಿ ಚಾರ್ಜರುಗಳೂ ಇವೆ ಅನ್ನುವವರು ಯೋಚನೆ ಮಾಡದೆ ಪೂರ್ತಿ ಎಲೆಕ್ಟ್ರಿಕ್ ಕಡೆ ಹೋಗಿ. ಮನೆಯಲ್ಲಿ ಪ್ಲಗ್ ಇದೆ, ಆದರೆ ಇರುವುದೊಂದೇ ಗಾಡಿ, ದಾರಿಯಲ್ಲಿ ಚಾರ್ಜರುಗಳಿಲ್ಲ ಅಥವಾ ನಂಬುವಂತಿಲ್ಲ ಅನ್ನುವವರಿಗಾಗಿಯೇ ರೇಂಜ್ ಎಕ್ಸ್‌ಟೆಂಡರ್ ಹುಟ್ಟಿದ್ದು. ಅದರಲ್ಲೂ ದಿನದ ಓಡಾಟದ ಒಂದೂವರೆ ಪಟ್ಟು ಬ್ಯಾಟರಿ ರೇಂಜ್ ಇರುವುದನ್ನು ಆರಿಸಿ. ಮನೆಯಲ್ಲಿ ಪ್ಲಗ್ ಇಲ್ಲ, ಆದರೆ ಕೆಲಸದ ಜಾಗದಲ್ಲಿ ಇದೆ ಅಂದರೆ ಅದೂ ಪ್ಲಗ್ ಇದ್ದಂತೆಯೇ. ಎಲ್ಲೂ ಇಲ್ಲದವರು ಸದ್ಯಕ್ಕೆ ಒಳ್ಳೆಯ ಮಾಮೂಲಿ ಹೈಬ್ರಿಡ್ ಕೊಂಡು, ಮಿಕ್ಕ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಮೇಲು.

ಟೆಸ್ಟ್ ಡ್ರೈವ್‌ಗೆ ಹೋದಾಗ ರೇಂಜ್ ಎಕ್ಸ್‌ಟೆಂಡರ್ ಗಾಡಿಯನ್ನು ಬ್ಯಾಟರಿ ತುಂಬಿಸಿಯೇ ಕೊಡುತ್ತಾರೆ. ಆಗ ಎಲ್ಲವೂ ಮೌನ, ಎಲ್ಲವೂ ನುಣುಪು. ಒತ್ತಾಯ ಮಾಡಿಯಾದರೂ ಬ್ಯಾಟರಿ ತಳ ಕಂಡ ಗಾಡಿಯನ್ನೇ ಕೇಳಿ, ನಾಲ್ಕು ಜನರನ್ನು ಕೂರಿಸಿಕೊಂಡು, ಏಸಿ ಹಾಕಿ, ಹತ್ತಿರದ ಏರಿನಲ್ಲಿ ಓಡಿಸಿ. ಎಂಜಿನ್ನಿನ ಸದ್ದಿಗೂ ಗಾಡಿಯ ವೇಗಕ್ಕೂ ತಾಳಮೇಳ ಇರುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೂ ಅದು ಗುರ್ ಅನ್ನುತ್ತಿರಬಹುದು. ಕೆಲವರಿಗೆ ಇದು ಲೆಕ್ಕಕ್ಕೇ ಇಲ್ಲ, ಕೆಲವರಿಗೆ ತಲೆನೋವು. ಆಮೇಲೆ ಬೂಟ್ ತೆರೆದು, ಎಂಜಿನ್ ಮತ್ತು ಟ್ಯಾಂಕ್ ಎಷ್ಟು ಜಾಗ ನುಂಗಿವೆ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಓಡೋಮೀಟರಿನ ಕಿಲೋಮೀಟರ್ ಜೊತೆಗೆ ಎಂಜಿನ್ ಎಷ್ಟು ಗಂಟೆ ಓಡಿದೆ ಅನ್ನುವ ದಾಖಲೆಯನ್ನೂ ಕೇಳಿ ಪಡೆಯಿರಿ. ಕಿಲೋಮೀಟರಿಗೆ ಹೋಲಿಸಿದರೆ ಆ ಗಂಟೆಗಳು ತೀರಾ ಹೆಚ್ಚಿದ್ದರೆ ಹಳೆಯ ಮಾಲೀಕರು ಪ್ಲಗ್ ಮುಟ್ಟಿದ್ದೇ ಕಡಿಮೆ. ಸೊನ್ನೆಗೆ ಹತ್ತಿರವಿದ್ದರೆ ಆಯಿಲ್ ಬದಲಿಸಿದ ರಸೀದಿಗಳನ್ನೂ ತೋರಿಸಲು ಹೇಳಿ.